ದಾರ ಕಟ್ಟದೆ ಎಳೆದ ಗೆರೆ

ಫುಟ್‌ಬಾಲ್ ಮೈದಾನದಲ್ಲಿ ಗೆರೆ ಎಳೆಯುವುದು ನನ್ನ ಕೆಲಸವಾಗಿತ್ತು. ಚಿನ್ನದ ಗಣಿ ನಡೆದಷ್ಟು ಕಾಲ ಗಣಿಯ ಮೈದಾನದಲ್ಲಿ, ಗಣಿ ಮುಚ್ಚಿದ ಮೇಲೆ ಬಂಗಾರಪೇಟೆಯ ಶಾಲೆಗಳ ಮೈದಾನಗಳಲ್ಲಿ, ಮೊಣಕಾಲು ಬಗ್ಗುವಷ್ಟು ಕಾಲ ಅದನ್ನೇ ಮಾಡಿದೆ. ಈಗ ಮನೆಯಲ್ಲಿದ್ದೇನೆ.

ನಮ್ಮ ಬೀದಿಯ ಶೋಭಾ ದಿನಾ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿನ ಒಂದು ಫುಟ್‌ಬಾಲ್ ಮೈದಾನಕ್ಕೆ ಕೆಲಸಕ್ಕೆ ಹೋಗುತ್ತಾಳೆ. ಹುಲ್ಲು ಕತ್ತರಿಸುವುದು, ನೀರು ಬಿಡುವುದು, ಗೆರೆ ಬರೆಯುವುದು ಅವಳ ಪಾಲಿನ ಕೆಲಸ. ಅವಳೇ ಒಂದು ದಿನ ಬಂದು ಕೂತಳು.

‘ತಾತ, ನಮ್ ಜೊತೆ ಇನ್ನೂ ನಾಕು ಜನ ಒಸಬ್ರು ಸೇರವ್ರೆ. ನೀವು ಕಂಡಿದ್ದು ಬರ್ದುಕೊಡಿ, ಅವರ್ಗೆ ಓದಿ ಏಳ್ತೀನಿ.’

‘ಸುಣ್ಣದ ವಿಷಯ ಏನಮ್ಮಾ ಬರೆಯೋದು?’

‘ಸುಣ್ಣ ಯಾರಿಗೆ ಬೇಕು? ಆಟದ ವಿಷಯ ಬರೀರಿ. ದೊಡ್ಡ ದೊಡ್ಡ ಟೀಮ್ ಎಲ್ಲಾ ನೋಡಿದ್ದೀರಂತಲ್ಲ.’

ನೋಡಿದ್ದೇನೆ. ಆದರೆ ಬರೆಯಲು ಕೂತಾಗ ಸುಣ್ಣವನ್ನು ಬಿಟ್ಟು ಒಂದು ಪಂದ್ಯವೂ ನೆನಪಿಗೆ ಬರಲಿಲ್ಲ. ಯಾರು ಗೋಲು ಹೊಡೆದರು ಎಂಬುದಕ್ಕಿಂತ ಚೆಂಡು ನನ್ನ ಗೆರೆಯ ಯಾವ ಕಡೆ ಇತ್ತು ಎಂಬುದೇ ಕಣ್ಣಿಗೆ ಕಟ್ಟುತ್ತದೆ. ಇನ್ನೊಂದು ಮಾತೂ ಇದೆ. ಅದನ್ನು ಕೊನೆಯಲ್ಲಿ ಹೇಳೋಣ ಎಂದುಕೊಂಡರೆ ಕೊನೆಗೂ ಹೇಳುವುದಿಲ್ಲ, ನನ್ನ ಸ್ವಭಾವ ನನಗೆ ಗೊತ್ತು. ಆದ್ದರಿಂದ ಮೊದಲೇ ಬರೆದುಬಿಡುತ್ತೇನೆ. ನಮ್ಮ ಗಣಿಯ ನಂದಿದುರ್ಗ ವಿಭಾಗದ ತಂಡದ ಗೋಲ್‌ಕೀಪರ್ ಗೋವಿಂದು ಒಂದು ಫೈನಲ್‌ನಲ್ಲಿ ಬಿಟ್ಟನೆಂದು ಊರೆಲ್ಲ ಆಡಿಕೊಂಡ ಗೋಲು, ಗೋಲೇ ಆಗಿರಲಿಲ್ಲ. ತಪ್ಪು ನನ್ನದು. ಅದು ಹೇಗೆಂದು ತಿಳಿಯಬೇಕಾದರೆ ಈ ಕೆಲಸ ಹೇಗಿತ್ತೆಂದು ತಿಳಿಯಬೇಕು.

ನಾನು ಕಾಮಸಮುದ್ರದ ಕಡೆಯವನು. ಹತ್ತನೆಯ ತರಗತಿ ಪಾಸು ಮಾಡಿ ಗಣಿಗೆ ಅರ್ಜಿ ಹಾಕಿದೆ. ನೆಲದಡಿಯ ಕೆಲಸ ಸಿಗುತ್ತದೆಂದು ಮನೆಯವರೆಲ್ಲ ಹೆದರಿಕೊಂಡಿದ್ದರು. ಸಿಕ್ಕಿದ್ದು ಆಟದ ಮೈದಾನದ ಕೆಲಸ. ಊರಿಗೆ ಹೋಗಿ ಹೇಳಿದರೆ ನಮ್ಮ ಅವ್ವ ನಂಬಲಿಲ್ಲ.

‘ನೆಲದ್ ಮ್ಯಾಗೆ ಸುಣ್ಣ ಚೆಲ್ಲಕ್ಕೆ ಅತ್ತನೇ ಕ್ಲಾಸು ಯಾಕ್ಲಾ? ಸಂಕ್ರಾಂತಿಗೆ ನಾನೂ ಚೆಲ್ತೀನಿ, ನಂಗ್ಯಾರ್ ಸಂಬಳ ಕೊಟ್ರು?’

ಮೈದಾನದ ಮೇಸ್ತ್ರಿಯ ಹೆಸರು ಮಣಿ. ಕುಳ್ಳಗಿದ್ದರು, ಕಾಕಿ ಚಡ್ಡಿ, ಎಡಗಿವಿಯ ಮೇಲೆ ಸದಾ ಒಂದು ಬೀಡಿ. ಅದನ್ನು ಅವರು ಹೊತ್ತಿಸಿದ್ದು ನಾನು ಕಂಡಿಲ್ಲ. ಅರ್ಧ ಕನ್ನಡ ಅರ್ಧ ತಮಿಳು ಮಾತಾಡುತ್ತಿದ್ದರು. ಮೊದಲನೆಯ ದಿನ ಅವರು ನನ್ನ ಕೈಗೆ ಸುಣ್ಣ ಕೊಡಲಿಲ್ಲ, ಒಂದು ದಾರ ಕೊಟ್ಟರು. ಸಣಬಿನ ದಾರ, ಸಮ ದೂರದಲ್ಲಿ ಹನ್ನೆರಡು ಗಂಟು. ತುದಿಗೆ ತುದಿ ಸೇರಿಸಿ, ಮೂರು ಗಂಟಿನ ಅಂತರ ಒಂದು ಕಡೆ, ನಾಲ್ಕು ಇನ್ನೊಂದು ಕಡೆ, ಐದು ಮತ್ತೊಂದು ಕಡೆ ಬರುವಂತೆ ಗೂಟ ನೆಟ್ಟು ಎಳೆದರೆ ಮೈದಾನದ ಮೂಲೆ ಚಚ್ಚೌಕವಾಗಿ ನಿಲ್ಲುತ್ತಿತ್ತು. ನಾನು ಕುಣಿದಾಡಿಬಿಟ್ಟೆ.

‘ಮೇಸ್ತ್ರಿ, ಇದು ನಮ್ಮ ಹೈಸ್ಕೂಲ್ ಲೆಕ್ಕ! ಮೇಷ್ಟ್ರು ಬೋರ್ಡ್ ಮೇಲೆ ಬರೆದಿದ್ರು!’

‘ಆಮಾ,’ ಎಂದು ಹೌದೆನ್ನುವಂತೆ ತಲೆಯಾಡಿಸಿದರು ಅವರು, ‘ನಿನ್ ವಾತ್ಯಾರ್ ನನ್ ಅತ್ರಾನೇ ಕಲ್ತ್ಕೊಂಡಿರ್ಬೇಕು.’

ಅವರಿಗೆ ಓದು ಬರುತ್ತಿರಲಿಲ್ಲ. ಮೂರು, ನಾಲ್ಕು, ಐದು ಎಂಬುದನ್ನು ಅವರಿಗೆ ಯಾರು ಕಲಿಸಿದರು, ಅವರಿಗೆ ಕಲಿಸಿದವರಿಗೆ ಯಾರು ಕಲಿಸಿದರು ಎಂದು ಈಗಲೂ ಯೋಚಿಸುತ್ತೇನೆ. ಇಂಗ್ಲಿಷ್ ದೊರೆಗಳ ಕಾಲದ ಸರ್ವೆಯವರು ಇರಬಹುದು, ಮನೆಯ ಪಾಯ ತೋಡುವವರು ಇರಬಹುದು. ಕೇಳಬೇಕಿತ್ತು, ಕೇಳಲಿಲ್ಲ.

ಅವರ ಕಟ್ಟಳೆ ಒಂದೇ. ಗೆರೆ ಎಷ್ಟೇ ಚಿಕ್ಕದಿರಲಿ, ದಾರ ಕಟ್ಟದೆ ಸುಣ್ಣದ ಡಬ್ಬ ಮುಟ್ಟಬಾರದು. ‘ಕಣ್ಣು ಪೊಯ್ ಏಳುತ್ತೆ ತಂಬಿ. ದಾರ ಪೊಯ್ ಏಳಲ್ಲ.’ ಪೊಯ್ ಎಂದರೆ ಸುಳ್ಳು. ತಳದಲ್ಲಿ ಮೊಳೆಯಿಂದ ತೂತು ಹೊಡೆದ ತಗಡಿನ ಡಬ್ಬವೇ ನಮ್ಮ ಯಂತ್ರ. ದಾರದ ಪಕ್ಕದಲ್ಲಿ ಬಗ್ಗಿ, ಹಿಂದಕ್ಕೆ ಹೆಜ್ಜೆ ಇಡುತ್ತಾ, ಡಬ್ಬವನ್ನು ಅಲ್ಲಾಡಿಸುತ್ತಾ ಹೋಗಬೇಕು. ಇಡೀ ಮೈದಾನ ಮುಗಿಯುವಾಗ ಸೊಂಟ ನೆಟ್ಟಗಾಗಲು ಒಂದು ಗಂಟೆ ಬೇಕು.

ಸುಣ್ಣದಲ್ಲಿ ನಾನು ಮಾಡಿದ ಮೊದಲ ಅನಾಹುತ ಕೇಳಿ. ಒಮ್ಮೆ, ನೀರು ಹಾಕಿ ಅರಳಿಸಿಟ್ಟ ಸುಣ್ಣದ ಪುಡಿ ಮುಗಿದಿತ್ತು. ಮೇಸ್ತ್ರಿ ಇರಲಿಲ್ಲ. ಮೂಲೆಯಲ್ಲಿದ್ದ ಸುಟ್ಟ ಸುಣ್ಣದ ಕಲ್ಲನ್ನೇ ಕುಟ್ಟಿ ಪುಡಿ ಮಾಡಿ ಎಳೆದುಬಿಟ್ಟೆ. ಗೆರೆ ಹಾಲಿನ ಹಾಗೆ ಬಿಳುಪು. ಅಂದು ಆಡಲು ಬಂದದ್ದು ಕಾರ್ಮಿಕರ ಲೈನ್‌ಮನೆಗಳ ಹುಡುಗರ ತಂಡ. ನಾನು ಕಂಡ ಮಹಾ ತಂಡಗಳಲ್ಲಿ ಅದನ್ನೇ ಮೊದಲು ಹೇಳುತ್ತೇನೆ. ಹನ್ನೊಂದು ಜನವೂ ಬರಿಗಾಲಿನವರು. ನಮ್ಮ ದೇಶದ ತಂಡವೇ ಬರಿಗಾಲಲ್ಲಿ ಆಡಿದ ಕಾಲವಿತ್ತೆಂದು ಹಿರಿಯರು ಹೇಳುತ್ತಿದ್ದರು. ಇವರು ಆ ಕಾಲ ಮುಗಿದ ಮೇಲೂ ಹಾಗೆಯೇ ಆಡುತ್ತಿದ್ದರು. ಬೂಟು ಇಲ್ಲದ್ದಕ್ಕಲ್ಲ. ಕೊಟ್ಟ ಬೂಟನ್ನು ಕತ್ತಿಗೆ ನೇತುಹಾಕಿಕೊಂಡು ಬಂದು, ಗೆರೆಯ ಹೊರಗೆ ಜೋಡಿಸಿಟ್ಟು, ಬರಿಗಾಲಲ್ಲಿ ಒಳಗೆ ಇಳಿಯುತ್ತಿದ್ದರು. ನಮ್ಮದು ಹುಲ್ಲಿಲ್ಲದ ಗರಸು ನೆಲ. ಆ ನೆಲದಲ್ಲಿ ಬೂಟಿನವರು ಜಾರುತ್ತಿದ್ದರು, ಇವರ ಹೆಬ್ಬೆರಳು ನೆಲ ಕಚ್ಚಿ ತಿರುಗುತ್ತಿತ್ತು.

ಆಟ ಶುರುವಾಗಿ ಕಾಲು ಗಂಟೆಯಾಗಿರಲಿಲ್ಲ, ಬದಿಯ ಗೆರೆಯ ಗುಂಟ ಓಡುವ ಇಬ್ಬರು ಕುಪ್ಪಳಿಸತೊಡಗಿದರು. ಜನ ಹೊಸ ವರಸೆ ಎಂದು ಚಪ್ಪಾಳೆ ಹೊಡೆದರು. ಬೆವರಿಗೆ ಸುಟ್ಟ ಸುಣ್ಣ ಅರಳಿ ಪಾದ ಬೇಯುತ್ತಿತ್ತು. ಅಷ್ಟರಲ್ಲಿ ಬಂದ ಮೇಸ್ತ್ರಿ ಆಟ ನಿಲ್ಲಿಸಿ, ಎಲ್ಲರನ್ನೂ ಸಾಲಾಗಿ ಕೂರಿಸಿ, ಕೊಡಗಟ್ಟಲೆ ನೀರು ಹುಯ್ದು, ಒಬ್ಬೊಬ್ಬರ ಪಾದವನ್ನೂ ತಾವೇ ತೊಳೆದರು. ಕೊಡ ಹಿಡಿದು ನಿಲ್ಲುವುದು ನನ್ನ ಶಿಕ್ಷೆ. ಬಯ್ಯಲಿಲ್ಲ. ಕೊನೆಯ ಪಾದ ಮುಗಿದ ಮೇಲೆ ತಲೆಯೆತ್ತಿ, ‘ಡೇಯ್, ಆಡೋನ್ ಕಾಲು ನಿನ್ ತಲೆಗಿಂತ ದೊಡ್ಡದು’ ಎಂದರು, ಅಷ್ಟೇ. ಆ ಹುಡುಗರು ಎದ್ದು ಹೋಗಿ ಬೇರೆ ಸುಣ್ಣದಲ್ಲಿ ಮತ್ತೆ ಎಳೆದ ಗೆರೆಯೊಳಗೆ ಮೂರು ಗೋಲು ಹೊಡೆದರು. ಹೊಸಬರಿಗೆ ಹೇಳುತ್ತೇನೆ, ಗೆರೆಗೆ ಏನೇ ಬಳಸಿ, ಮೊದಲು ನಿಮ್ಮ ಒದ್ದೆ ಅಂಗೈಗೆ ಚಿಟಿಕೆ ಹಾಕಿಕೊಂಡು ನೋಡಿ.

ಗೋವಿಂದುವನ್ನು ನಾನು ಸರಿಯಾಗಿ ಕಂಡದ್ದು ಒಂದು ಪೆನಾಲ್ಟಿಯ ದಿನ. ಅವನು ನಂದಿದುರ್ಗದ ಲೈನ್‌ಮನೆಯವನು, ನೆಲದಡಿಯಲ್ಲಿ ಅದಿರಿನ ಟ್ರಾಲಿ ತಳ್ಳುವ ಕೆಲಸ. ಕೈ ಮೊರದಷ್ಟು ಅಗಲ. ಎದುರು ತಂಡಕ್ಕೆ ಪೆನಾಲ್ಟಿ ಸಿಕ್ಕಿತ್ತು. ನಾನು ಎಳೆದಿದ್ದ ಚುಕ್ಕಿಯ ಮೇಲೆ ಚೆಂಡು ಇಟ್ಟರು. ಹೊಡೆಯುವವನು ಹಿಂದಕ್ಕೆ ನಡೆದ. ಆಗ ಯಾರೂ ಮುಟ್ಟದೆ ಚೆಂಡು ತಾನೇ ಚುಕ್ಕಿಯಿಂದ ಒಂದು ಗೇಣು ಉರುಳಿತು.

ಬೇರೆ ಊರಿನಲ್ಲಿ ಗಾಳಿ ಎನ್ನುತ್ತಿದ್ದರು. ನಮ್ಮವರಿಗೆ ಗೊತ್ತಾಯಿತು. ಅಂಗಾಲಿಗೆ ನಡುಕ ಬಂದದ್ದು ಆಮೇಲೆ. ಗಣಿಯ ಆಳದಲ್ಲಿ ಬಂಡೆ ಸಿಡಿದಾಗ ಮೇಲಿನ ನೆಲ ಹಾಗೆ ಅದುರುತ್ತದೆ. ಇಪ್ಪತ್ತೆರಡು ಆಟಗಾರರೂ ಚೆಂಡು ಬಿಟ್ಟು, ಗಣಿಗೆ ಇಳಿಯುವ ಬಾವಿಯ ಮೇಲಿನ ಚಕ್ರದ ಕಡೆ ನೋಡಿದರು. ಸೈರನ್ ಕೂಗುವ ಮೊದಲೇ ಮೈದಾನ ಖಾಲಿಯಾಯಿತು. ಗೋವಿಂದುವಿನ ಅಣ್ಣ ಆ ಪಾಳಿಯಲ್ಲಿ ಕೆಳಗಿದ್ದ. ಅಂಗಿ ಬದಲಿಸದೆ ಗೋಲಿನಿಂದ ನೇರ ಓಡಿದವನು ಅವನೇ ಮೊದಲು. ದೇವರ ದಯೆ, ಆ ಸಲ ಎಲ್ಲರೂ ಮೇಲೆ ಬಂದರು.

ಆಟವನ್ನು ಅದೇ ಪೆನಾಲ್ಟಿಯಿಂದ ಮುಂದಿನ ಭಾನುವಾರ ಮುಂದುವರಿಸುವುದೆಂದು ತೀರ್ಮಾನವಾಯಿತು. ಮೇಸ್ತ್ರಿ ಆ ಚುಕ್ಕಿಯ ಮೇಲೆ ಒಂದು ಬಾಣಲಿ ಬೋರಲು ಹಾಕಿ ಮೇಲೆ ಕಲ್ಲಿಟ್ಟರು. ವಾರವಿಡೀ ಅದನ್ನು ಕಾಯುವುದು ನನ್ನ ಕೆಲಸ. ಬೇರೆ ಚುಕ್ಕಿ ಅಳೆದು ಹಾಕಬಹುದಿತ್ತು, ಹನ್ನೆರಡು ಗಜ ಎಲ್ಲಿದ್ದರೂ ಹನ್ನೆರಡು ಗಜ. ಆದರೆ ಜನ ದಿನಾ ಸಂಜೆ ಬಂದು ಬಾಣಲಿ ಇದೆಯೇ ಎಂದು ನೋಡಿ ಹೋಗುತ್ತಿದ್ದರು. ಅದು ಯಾಕೆ ಬೇಕಿತ್ತು ಅವರಿಗೆ? ಒಂದು ವಾರ ಏನೂ ಆಗಿಲ್ಲ, ಎಲ್ಲ ಇದ್ದ ಹಾಗೇ ಇದೆ ಎಂದು ಕಾಣಬೇಕಿತ್ತೇನೋ.

ಭಾನುವಾರ ಬಾಣಲಿ ಎತ್ತಿದೆ. ಚುಕ್ಕಿ ಹೊಸದರ ಹಾಗಿತ್ತು. ಗೋವಿಂದು ಪೆನಾಲ್ಟಿ ಹಿಡಿದ. ತಡೆದದ್ದಲ್ಲ, ಎರಡು ಕೈಯಲ್ಲಿ ಹಲಸಿನ ಹಣ್ಣು ಇಳಿಸಿಕೊಳ್ಳುವವನ ಹಾಗೆ ಹಿಡಿದುಕೊಂಡ. ಆಮೇಲೆ ನಾನು ಕೇಳಿದೆ, ‘ಎಂಗೆ ಗೊತ್ತಾಗುತ್ತೆ ಗೋವಿಂದಣ್ಣ, ಯಾವ ಕಡೆ ಬರುತ್ತೆ ಅಂತ?’

‘ಕೈನಾಗೆ ಎಲ್ಲಿ ಇಡಿಯಾಕಾಯ್ತದೆ? ಕಣ್ಣಾಗೆ ಇಡೀಬೇಕು. ಕೈ ಆಮ್ಯಾಗೆ ಬತ್ತೈತೆ, ಕೂಲಿ ಆಳು ಬಂದಂಗೆ.’

ಆ ಮಾತನ್ನು ನೆನಪಿಟ್ಟುಕೊಳ್ಳಿ.

ಮುಂದೆ ಎರಡು ವರ್ಷಕ್ಕೆ ಆ ಫೈನಲ್ ಬಂತು. ಒಂದು ಕಡೆ ನಂದಿದುರ್ಗ, ಇನ್ನೊಂದು ಕಡೆ ಬೆಂಗಳೂರಿನ ಒಂದು ಕಾರ್ಖಾನೆಯ ತಂಡ. ಕಾರ್ಖಾನೆಯವರು ಅಚ್ಚುಕಟ್ಟು. ಚೆಂಡನ್ನು ಮೂರು ಸಲಕ್ಕಿಂತ ಹೆಚ್ಚು ಯಾರೂ ಮುಟ್ಟುತ್ತಿರಲಿಲ್ಲ, ಒಬ್ಬನಿಂದ ಒಬ್ಬನಿಗೆ ಮಗ್ಗದ ಲಾಳಿಯ ಹಾಗೆ ಓಡುತ್ತಿತ್ತು. ಅವರ ಮ್ಯಾನೇಜರು ಒಬ್ಬ ಗೋಲ್‌ಕೀಪರ್ ಹುಡುಕುತ್ತಿದ್ದಾರೆ, ಗೋವಿಂದು ಚೆನ್ನಾಗಿ ಆಡಿದರೆ ಕಾರ್ಖಾನೆಯಲ್ಲಿ ಕೆಲಸ ಕೊಟ್ಟು ಕರೆದುಕೊಂಡು ಹೋಗುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ಬಿಸಿಲು ಕಾಣುವ ಕೆಲಸ. ಅವನ ಹೆಂಡತಿ ರತ್ನಮ್ಮ ಅಂದು ಮೈದಾನಕ್ಕೆ ಬಂದಿದ್ದಳು.

ನಮ್ಮ ಮೈದಾನದ ಪಕ್ಕದಲ್ಲೇ ಸೈನೈಡ್ ದಿಬ್ಬ. ಚಿನ್ನ ತೆಗೆದು ಉಳಿದ ಬಿಳಿ ಮರಳನ್ನು ತಂದು ಸುರಿದು ಸುರಿದು ಆದ ಗುಡ್ಡ. ಗಾಳಿ ಎದ್ದರೆ ಅದರ ಪುಡಿ ಮೈದಾನದ ಮೇಲೆ ಹಾಸಿಕೊಳ್ಳುತ್ತದೆ. ಆಗ ಗೆರೆ ಅಳಿಸುವುದಿಲ್ಲ. ನೆಲವೇ ಬೆಳ್ಳಗಾಗಿ ಗೆರೆ ಎಲ್ಲಿದೆಯೆಂದು ತಿಳಿಯುವುದಿಲ್ಲ. ಅಂದು ಮೊದಲರ್ಧ ಮುಗಿಯುವಾಗ ಗಾಳಿ ಎದ್ದಿತು. ರೆಫರಿ ನನ್ನನ್ನು ಕರೆದು, ಎರಡು ಕಡೆಯ ಗೋಲಿನ ಗೆರೆ ಮತ್ತೆ ಎಳೆಯಲು ಹೇಳಿದರು. ಮೇಸ್ತ್ರಿ ಅತ್ತ ಆ ಕಡೆಯ ಗೋಲಿಗೆ ಹೋದರು. ನಾನು ಇತ್ತ ಈ ಕಡೆಯದಕ್ಕೆ ಬಂದೆ. ಎರಡನೆಯ ಅರ್ಧದಲ್ಲಿ ಗೋವಿಂದು ನಿಲ್ಲಬೇಕಾದ ಗೋಲು ಅದು.

ದಾರ ನನ್ನ ಸೊಂಟದಲ್ಲೇ ಇತ್ತು. ಒಂದು ಕಂಬದ ಬುಡದಿಂದ ಇನ್ನೊಂದು ಕಂಬದ ಬುಡಕ್ಕೆ ಕಟ್ಟುವುದು ಎರಡು ನಿಮಿಷದ ಕೆಲಸ. ಬಿಚ್ಚಲು ಕೈ ಹಾಕಿದೆ. ಗೋಲಿನ ಹಿಂದೆ ಕೂತಿದ್ದ ಗುಂಪಿನಿಂದ ಒಬ್ಬ ಕೂಗಿದ.

‘ಏ ಸುಣ್ಣದ ಯಂಕ್ಟೇಸಾ! ಇಷ್ಟ್ ವರ್ಸ ಆದ್ರೂ ಇನ್ನೂ ದಾರ ಇಡ್ಕಂಡೇ ನಡೀತೀಯೇನ್ಲಾ? ಅಗ್ಗ ಕಟ್ಟಿದ್ ಎಳೆ ಕರ ಆಗೋದ್ಯಲ್ಲೋ!’

ಎಲ್ಲರೂ ನಕ್ಕರು. ಇನ್ನೊಬ್ಬ, ‘ದಾರ ಇಲ್ದೆ ಎಳಿ ನೋಡಾಣ! ಒಂದೇ ಉಸ್ರಿಗೆ!’ ಎಂದ.

ನನಗೆ ಆಗ ಮೂವತ್ತರ ಪ್ರಾಯ. ಇಡೀ ಆಟದಲ್ಲಿ ಯಾರೂ ನೋಡದ ಮನುಷ್ಯ ನಾನು. ಅಷ್ಟು ಜನ ನನ್ನನ್ನೇ ನೋಡುತ್ತಿದ್ದರು. ದಾರವನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿ, ಡಬ್ಬ ಹಿಡಿದು, ಕಂಬದಿಂದ ಕಂಬಕ್ಕೆ ಒಂದೇ ಓಟದಲ್ಲಿ ಎಳೆದೆ. ಶಿಳ್ಳೆ, ಚಪ್ಪಾಳೆ. ನಾನು ಡಬ್ಬವನ್ನು ತಲೆಗೆ ಮುಟ್ಟಿಸಿ ಸಲಾಮು ಹೊಡೆದೆ.

ಆ ಅವಸರದಲ್ಲಿ ನಾನು ಗಮನಿಸದೆ ಹೋದದ್ದು ಗೋಲಿನ ಮುಂದಿನ ಗುಂಡಿಯನ್ನು. ಹುಲ್ಲಿಲ್ಲದ ಮೈದಾನದಲ್ಲಿ ಗೋಲ್‌ಕೀಪರ್ ನಿಂತು ಕಾಲು ಕೆರೆದೂ ಕೆರೆದೂ ಎರಡು ಕಂಬಗಳ ನಡುವೆ ತಗ್ಗು ಬೀಳುತ್ತದೆ. ದಾರ ಕಟ್ಟಿದರೆ ಅದು ತಗ್ಗಿನ ಮೇಲೆ ನೆಟ್ಟಗೆ ಹಾದುಹೋಗುತ್ತದೆ. ದಾರವಿಲ್ಲದೆ ಹಿಂದಕ್ಕೆ ಓಡುವ ಕಾಲು ಮಾತ್ರ ತಾನಾಗಿ ತಗ್ಗನ್ನು ತಪ್ಪಿಸಿ ಅದರ ಅಂಚಿನ ಮೇಲೆ ಹೋಗುತ್ತದೆ. ನನ್ನ ಗೆರೆ ಎರಡು ಕಂಬದ ಹತ್ತಿರ ಸರಿಯಾಗಿತ್ತು. ನಡುವೆ ಮಾತ್ರ ಮೈದಾನದ ಕಡೆಗೆ ಉಬ್ಬಿತ್ತು. ನಿಂತು ನೋಡಿದರೆ ಕಾಣದಷ್ಟು.

ಆಟ ಮುಗಿಯಲು ಐದು ನಿಮಿಷವಿತ್ತು, ಯಾರಿಗೂ ಗೋಲಿಲ್ಲ. ಕಾರ್ಖಾನೆಯವನೊಬ್ಬ ಎಗರಿ ತಲೆಯಿಂದ ಹೊಡೆದ ಚೆಂಡು ಗುಂಡಿಯ ಅಂಚಿಗೆ ಬಡಿದು ಒಳಗೆ ನುಗ್ಗಿತು. ಗೋವಿಂದು ಹಿಂದಕ್ಕೆ ಹಾರಿ ಎರಡು ಕೈಯಲ್ಲಿ ಒತ್ತಿ ಹಿಡಿದ. ಹಿಡಿದವನು ಅಲುಗಾಡಲಿಲ್ಲ. ಮಣ್ಣಿಗೆ ಎದೆ ಕೊಟ್ಟು ಹಾಗೇ ಬಿದ್ದುಕೊಂಡು ರೆಫರಿಯನ್ನು ಕೂಗಿದ.

‘ಚೆಂಡು ಅಲ್ಲಾಡ್ಸಿಲ್ಲ ಸಾರ್, ನೋಡ್ಕಳಿ! ಇಡಿದ ಜಾಗದಾಗೇ ಐತೆ!’

ಬೇರೆಯವನಾಗಿದ್ದರೆ ಚೆಂಡನ್ನು ಮುಂದಕ್ಕೆ ಎಳೆದುಕೊಂಡು ಎದ್ದು ನಿಂತಿರುತ್ತಿದ್ದ. ಇವನು ತನ್ನ ಕಣ್ಣನ್ನು ನಂಬಿ ಸಾಕ್ಷಿ ಉಳಿಸಿಕೊಂಡ. ಧ್ವಜ ಹಿಡಿದ ಲೈನ್ಸ್‌ಮನ್ ಇನ್ನೂ ದೂರದಲ್ಲಿ ಓಡಿ ಬರುತ್ತಿದ್ದ. ರೆಫರಿ ಬಂದು ಬಗ್ಗಿ ನೋಡಿದರು. ಚೆಂಡಿನ ಮುಂದೆ ಬಿಳಿ ಗೆರೆ, ಗೆರೆಗೂ ಚೆಂಡಿಗೂ ನಡುವೆ ಕಾಲು ಕೆರೆದು ಮೇಲೆದ್ದ ಕೆಂಪು ಮಣ್ಣು. ಸೀಟಿ ಊದಿ ಗೋಲು ಎಂದರು.

‘ಕಂಬ ನೋಡಿ ಸಾರ್! ಕಂಬದಿಂದ ಕಂಬಕ್ಕೆ ನೋಡಿ!’ ಎಂದು ಗೋವಿಂದು ಅರಚಿದ. ಆಮೇಲೆ ಅವನೂ ತಲೆ ತಗ್ಗಿಸಿ ಗೆರೆ ನೋಡಿದ. ಅಷ್ಟೇ. ಚೆಂಡನ್ನು ಅಲ್ಲೇ ಬಿಟ್ಟು ಎದ್ದ.

ಜನ ಹೋದ ಮೇಲೆ, ಸಂಜೆ ಬೆಳಕಿರುವಾಗಲೇ, ನಾನು ಹೋಗಿ ದಾರ ಕಟ್ಟಿದೆ. ಹೆದರಿಕೆಗಿಂತ ಹೆಚ್ಚಾಗಿ, ಏನಿರಬಹುದು ಎಂಬ ಕುತೂಹಲವೇ ನನ್ನನ್ನು ಎಳೆದೊಯ್ದಿತು. ನಡುವೆ ಆರು ಬೆರಳು. ಚೆಂಡಿನ ಗುರುತು ಗುಂಡಿಯಲ್ಲಿ ಇನ್ನೂ ಇತ್ತು. ಗೆರೆ ದಾರದ ಕೆಳಗೆ ಇದ್ದಿದ್ದರೆ ಚೆಂಡು ಗೆರೆಯ ಮೇಲೇ ಇರುತ್ತಿತ್ತು. ಪೂರ್ತಿ ದಾಟದೆ ಗೋಲಿಲ್ಲ.

ಆಗಲಾದರೂ ಓಡಿಹೋಗಿ ಹೇಳಬಹುದಿತ್ತು. ನಾನು ಪೊರಕೆ ತಂದೆ. ಗೆರೆ ಗುಡಿಸಿದೆ. ದಾರದ ಪಕ್ಕದಲ್ಲಿ ಹೊಸ ಗೆರೆ ಎಳೆದೆ, ನೆಟ್ಟಗೆ. ಮೇಲೆ ಎರಡು ಹಿಡಿ ದಿಬ್ಬದ ಪುಡಿ ಎರಚಿ ಹಳೆಯದರಂತೆ ಮಾಡಿದೆ. ನಂದಿದುರ್ಗದವರು ದೂರು ಕೊಟ್ಟಿದ್ದರು. ಸ್ವಲ್ಪ ಹೊತ್ತಿಗೆ ಕ್ರೀಡಾ ಕಾರ್ಯದರ್ಶಿಗಳ ಜೊತೆ ಮೇಸ್ತ್ರಿ ಬಂದರು. ಕಂಬದಿಂದ ಕಂಬಕ್ಕೆ ದಾರ ಹಿಡಿದು ನೋಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

‘ದಾರ ಕಟ್ಟಿ ಎಳೆದ್ಯಾ?’ ಮೇಸ್ತ್ರಿ ಕೇಳಿದರು.

‘ಕಟ್ಟಿ ಎಳೆದೆ ಮೇಸ್ತ್ರಿ.’

ಗೋಲಿನ ಹಿಂದೆ ಕೂತಿದ್ದವರಿಗೆ ನಾನು ದಾರ ಕಟ್ಟಲಿಲ್ಲವೆಂದು ಗೊತ್ತಿತ್ತು. ಆದರೆ ಗೆರೆ ನೆಟ್ಟಗಿದೆಯೆಂದು ಸಾಬೀತಾದ ಮೇಲೆ ಅವರೇ, ‘ದಾರ ಇಲ್ದೇನೇ ಎಂಗೆ ಎಳ್ದ ನೋಡ್ಲಾ’ ಎಂದು ಹೊಗಳುತ್ತಾ ತಿರುಗಿದರು. ನನ್ನ ಸುಳ್ಳಿಗೆ ಹೀಗೂ ಬಹುಮಾನ ಸಿಕ್ಕಿತು.

ಕಾರ್ಖಾನೆಯವರು ಬೇರೆ ಕೀಪರನ್ನು ಕರೆದುಕೊಂಡು ಹೋದರು. ಗೋವಿಂದುವಿಗೆ ‘ಒಳಗೋದ್ ಗೋವಿಂದು’ ಎಂಬ ಹೆಸರು ಅಂಟಿತು. ಸಂತೆಯಲ್ಲಿ, ಕ್ಯಾಂಟೀನಿನಲ್ಲಿ, ಗಣಿಬಾವಿಗೆ ಇಳಿಸುವ ಪಂಜರ ಹತ್ತುವ ಸಾಲಿನಲ್ಲಿ, ‘ಒಳಗಾ? ಒರಗಾ?’ ಎಂದು ಕೇಳಿ ನಗುವುದು ಒಂದು ಚಾಳಿಯಾಯಿತು. ಅವನು ಕೈಗವಸು ಬಿಚ್ಚಿಟ್ಟವನು ಮತ್ತೆ ಗೋಲಿನಲ್ಲಿ ನಿಲ್ಲಲಿಲ್ಲ. ಅವನು ಎದುರಿಗೆ ಬಂದರೆ ನಾನು ದಾರಿ ಬದಲಿಸುತ್ತಿದ್ದೆ.

ಮೇಸ್ತ್ರಿ ನಿವೃತ್ತರಾದ ದಿನ ಗಂಟಿನ ದಾರವನ್ನು ನನ್ನ ಕೈಗೇ ಕೊಟ್ಟರು. ‘ಇನ್ಮೇಲೆ ದಾರ ಬಿಡಬೇಡ’ ಎಂದರು. ಸುಮ್ಮನೆ ಬುದ್ಧಿ ಹೇಳಿದ್ದೋ, ನಾನು ಅಂದು ಬಿಟ್ಟಿದ್ದೆನೆಂದು ಗೊತ್ತಿದ್ದೇ ಹೇಳಿದ್ದೋ? ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ, ಹಾಗಾಗಿ ಇವತ್ತಿಗೂ ತಿಳಿಯದು.

ಆಮೇಲಿನದನ್ನು ಬೇಗ ಹೇಳುತ್ತೇನೆ. ಗಣಿ ಮುಚ್ಚಿತು, ಬಂಗಾರಪೇಟೆಗೆ ಬಂದೆ. ಡಬ್ಬ ಹೋಗಿ ಚಕ್ರದ ಗಾಡಿ ಬಂತು, ಸುಣ್ಣ ಹೋಗಿ ಬಣ್ಣ ಬಂತು. ಶೋಭಾಳ ಮೈದಾನದಲ್ಲಿ ಯಂತ್ರವೇ ಆಕಾಶದ ಉಪಗ್ರಹದಿಂದ ಅಳತೆ ತಿಳಿದುಕೊಂಡು ಗೆರೆ ಬರೆಯುತ್ತದಂತೆ. ಒಂದು ದಿನ ಟೀ ಅಂಗಡಿಯಲ್ಲಿ ವಿಶ್ವಕಪ್ಪಿನ ಪಂದ್ಯ ನೋಡುತ್ತಿದ್ದೆವು. ಚೆಂಡು ಗೆರೆ ದಾಟಿತೇ ಇಲ್ಲವೇ ಎಂಬುದನ್ನು ಚಿತ್ರ ಬಿಡಿಸಿ ತೋರಿಸಿದರು. ರೆಫರಿಯ ಕೈಗಡಿಯಾರವೇ ಅದನ್ನು ಹೇಳುತ್ತದೆಂದು ಶೋಭಾ ವಿವರಿಸಿದಳು. ‘ಮಿಸೀನು ಕಂಬದಿಂದ ಕಂಬಕ್ಕೆ ನೋಡುತ್ತೆ ತಾತ. ಬಣ್ಣದ ಗೆರೆ ಸೊಟ್ಟಗಿದ್ರೂ ಅದಕ್ಕೇನಿಲ್ಲ.’

ಪಕ್ಕದಲ್ಲಿದ್ದ ಹಳೆಯ ಗಣಿಯವನೊಬ್ಬ ನಕ್ಕ. ‘ನಮ್ ಒಳಗೋದ್ ಗೋವಿಂದೂನೂ ಅಂಗೇ ಏಳಿದ್ದ. ಕಂಬ ನೋಡಿ ಅಂತ.’

ಇಷ್ಟು ವರ್ಷವಾದರೂ ಆ ಹೆಸರು ಸತ್ತಿರಲಿಲ್ಲ. ಟೀ ಬಿಟ್ಟು ಎದ್ದೆ. ಮರುದಿನ ಬೆಳಿಗ್ಗೆ ನಂದಿದುರ್ಗಕ್ಕೆ ಹೋದೆ.

ಗೋವಿಂದು ಲೈನ್‌ಮನೆಯ ಮುಂದೆ ಮಂಚದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ. ಕೈ ಈಗಲೂ ಮೊರದಷ್ಟೇ ಅಗಲ. ‘ಏನಪ್ಪಾ ಸುಣ್ಣ, ದಾರಿ ತಪ್ಪಿ ಬಂದ್ಯಾ?’ ಎಂದ. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಕೂರಲು ಮನಸ್ಸಾಗಲಿಲ್ಲ. ಅವನು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಕೇಳಿದ:

‘ಎಷ್ಟು?’

‘ಆರು ಬೆರಳು.’

‘ಯಾರ್ ಬೆರಳು? ನಿಂದಾ ನಂದಾ?’

‘ನಂದು.’

ನನ್ನ ಕೈ ಹಿಡಿದು ಮಂಚದ ಮೇಲಿಟ್ಟು, ಪಕ್ಕದಲ್ಲಿ ತನ್ನ ಕೈ ಇಟ್ಟು ಅಳೆದ. ‘ನನ್ ಕೈನಾಗೆ ನಾಕೂವರೆ’ ಎಂದು ತನಗೆ ತಾನೇ ಹೇಳಿಕೊಂಡ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ರತ್ನಮ್ಮ ಹೊರಗೆ ಬಂದಳು.

‘ಇಷ್ಟು ಏಳಕ್ಕೆ ಬಂಗಾರಪ್ಯಾಟೆಯಿಂದ ಇಲ್ಲೀಗಂಟ ಬರಾಕೆ ಇಷ್ಟ್ ವರ್ಸ ಬೇಕಾಯ್ತಾ ನಿಂಗೆ? ನಡ್ಕಂಡ್ ಬಂದಿದ್ರೂ ಒಂದ್ ದಿನದ ದಾರಿ ಕಣಪ್ಪಾ ಅದು!’

ಗೋವಿಂದು ಅವಳಿಗೆ ಸುಮ್ಮನಿರು ಎಂದು ಕೈಸನ್ನೆ ಮಾಡಿದ. ನಿಧಾನವಾಗಿ ಮಾತಾಡಿದ.

‘ಕಪ್ ಓಯ್ತು, ಓಗ್ಲಿ. ಕೆಲ್ಸ ಓಯ್ತು, ಓಗ್ಲಿ. ನಾನು ಕಣ್ಣಾರೆ ನೋಡಿದ್ದೆ ಸುಣ್ಣ, ಅದು ಒಳೀಕೆ ಓಗಿರ್ಲಿಲ್ಲ. ಆಮ್ಯಾಗೆ ಗೆರೆ ನೋಡಿದ್ರೆ ಓಗೈತೆ. ಅವತ್ತಿಂದ ನನ್ ಕಣ್ಣೇ ಸರೀಗಿಲ್ಲ ಅಂದ್ಕಂಡೆ. ಮೂರು ಸಲ ಡಾಕ್ಟ್ರಿಗೆ ತೋರ್ಸ್ದೆ. ಚೆನ್ನಾಗೈತೆ ಓಗಯ್ಯಾ ಅಂದ್ರು. ಡಾಕ್ಟ್ರೇ ಸರೀಗಿಲ್ಲ ಅಂದ್ಕಂಡೆ.’ ಸ್ವಲ್ಪ ನಕ್ಕ. ‘ಕೆಳಗೆ ನಂಗೆ ಬಂಡೆ ಸಿಡ್ಸೋ ಮದ್ದು ತುಂಬೋ ಕೆಲ್ಸ ಕೊಡ್ತೀವಿ ಅಂದ್ರು. ಬ್ಯಾಡ ಅಂದೆ. ಕಣ್ಣು ಮೋಸ ಮಾಡೋನು ಮದ್ದು ಮುಟ್ಬಾರ್ದು. ಕೊನೇಗಂಟ ಟ್ರಾಲಿ ತಳ್ದೆ.’

ಇದು ನನಗೆ ಗೊತ್ತಿರಲಿಲ್ಲ. ಅವನಿಂದ ಒಂದು ಕಪ್ಪು, ಒಂದು ಕೆಲಸ ಕಿತ್ತುಕೊಂಡೆ ಎಂದಷ್ಟೇ ತಿಳಿದು ಹೋಗಿದ್ದೆ.

‘ನನ್ನ ಏನ್ ಮಾಡ್ಬೇಕು ಅಂತೀಯೋ ಮಾಡು ಗೋವಿಂದಣ್ಣ’ ಎಂದೆ.

‘ನಿನ್ನ ಏನ್ ಮಾಡ್ಲಿ, ಈ ವಯ್ಸ್ನಾಗೆ?’ ಎಂದ. ‘ನನ್ ಅತ್ರ ಏಳಿದ್ದು ಸಾಕಾಗಲ್ಲ. ಬಾನುವಾರ ಅಳೇ ಪ್ಲೇಯರ್ಸು ಮೈದಾನಕ್ಕೆ ಬತ್ತಾರೆ. ಎಲ್ರ ಮುಂದೆ ಏಳು. ದಾರ ತಗಂಬಾ.’

ಗಣಿಯ ಮೈದಾನದಲ್ಲಿ ಈಗ ಕಬ್ಬಿಣದ ಕಂಬಗಳಿಲ್ಲ, ಯಾರೋ ಕಿತ್ತುಕೊಂಡು ಹೋಗಿದ್ದಾರೆ. ಅವುಗಳ ಕಾಂಕ್ರೀಟಿನ ಬುಡ ಮಾತ್ರ ನೆಲದಲ್ಲಿದೆ. ಭಾನುವಾರ ಬೆಳಿಗ್ಗೆ ಹಳೆಯ ಆಟಗಾರರು ಅದರ ಮೇಲೆ ಕಲ್ಲು ಜೋಡಿಸಿ ಗೋಲು ಮಾಡಿಕೊಂಡು, ಓಡುವುದಕ್ಕಿಂತ ಹೆಚ್ಚು ಬೈದಾಡಿಕೊಂಡು ಆಡುತ್ತಾರೆ. ಹತ್ತು ಹದಿನೈದು ಜನವಿದ್ದರು. ಶೋಭಾಳೂ ನನ್ನ ಜೊತೆ ಬಂದಿದ್ದಳು. ನಾನು ಹೇಳಿದೆ. ದಾರ ಕಟ್ಟದೆ ಎಳೆದದ್ದು, ಆರು ಬೆರಳು, ಪೊರಕೆ, ಮೇಸ್ತ್ರಿಗೆ ಹೇಳಿದ ಸುಳ್ಳು, ಯಾವುದನ್ನೂ ಬಿಡಲಿಲ್ಲ. ಅಂದಿನ ನಂದಿದುರ್ಗ ತಂಡದ ನಾಯಕ ಅಲ್ಲೇ ಇದ್ದ. ನೆಲಕ್ಕೆ ಉಗುಳಿ ದೂರ ಹೋಗಿ ನಿಂತ. ಇನ್ನೊಬ್ಬ, ‘ಥೂ ಸುಣ್ಣಾ, ನಾವು ಇವನ್ನ ಏನೇನ್ ಅಂದ್ಬುಟ್ವಲ್ಲೋ’ ಎಂದು ತಲೆಯ ಮೇಲೆ ಕೈ ಹೊತ್ತು ಕೂತ. ಉಳಿದವರು ಗೋವಿಂದುವಿನ ಮುಖ ನೋಡಲಾರದೆ ನೆಲ ನೋಡುತ್ತಿದ್ದರು.

ಗೋವಿಂದು ಮಾತ್ರ ಕೆಲಸದ ಅವಸರದಲ್ಲಿದ್ದ. ‘ದಾರ ತಂದ್ಯಾ?’ ಎಂದ.

ಮೇಸ್ತ್ರಿಯ ಗಂಟಿನ ದಾರ ಬಿಚ್ಚಿದೆ. ಅದು ಸಾಲದೆ ಇನ್ನೊಂದು ದಾರ ಸೇರಿಸಬೇಕಾಯಿತು. ಕಟ್ಟಲು ಕಂಬವಿಲ್ಲ. ಒಂದು ಬುಡದ ಮೇಲೆ ಶೋಭಾ ತುದಿ ಒತ್ತಿ ಹಿಡಿದಳು, ಇನ್ನೊಂದು ಬುಡದ ಹತ್ತಿರ ಗೋವಿಂದು ಮಂಡಿಯೂರಿ ಕೂತು ಎಳೆದು ಹಿಡಿದ. ‘ಸಡ್ಲ ಬಿಡಬ್ಯಾಡವ್ವ, ಇವನ್ ಕಾಲು ಗುಂಡಿ ಕಂಡ್ರೆ ಎದರ್ಕಂತದೆ’ ಎಂದು ಅವಳಿಗೆ ಹೇಳಿದ. ಆ ತಗ್ಗು ಇನ್ನೂ ಇದೆ. ನನ್ನ ಮೊಣಕಾಲು ಒಪ್ಪಲಿಲ್ಲ, ಆದರೂ ಬಗ್ಗಿ, ದಾರದ ಪಕ್ಕದಲ್ಲಿ, ತಗ್ಗಿನೊಳಗೆ ಇಳಿದು ಹತ್ತಿ, ಗೆರೆ ಮುಗಿಸಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಕ್ಷಮಿಸಿದೆ ಎಂದು ಗೋವಿಂದು ಅಂದೂ ಹೇಳಲಿಲ್ಲ, ಈವರೆಗೂ ಹೇಳಿಲ್ಲ. ಅವನು ಅಂದು ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಕಲ್ಲುಗಳ ನಡುವೆ ಹೋಗಿ ನಿಂತ. ಎರಡು ಕಾಲಿನಿಂದಲೂ ಮಣ್ಣು ಕೆರೆದ. ‘ಒಡೀರ್ಲಾ ಯಾರಾರ’ ಎಂದ.

ಯಾರಿಗೂ ಮನಸ್ಸು ಬರಲಿಲ್ಲ. ಕೊನೆಗೆ ದೂರ ನಿಂತಿದ್ದ ನಾಯಕನೇ ಬಂದು ಚೆಂಡನ್ನು ಮೆಲ್ಲಗೆ, ಕೈಗೆ ಕೊಡುವ ಹಾಗೆ ತಳ್ಳಿದ. ಗೋವಿಂದು ಬಗ್ಗಿದ. ಬಗ್ಗುವಷ್ಟರಲ್ಲಿ ಚೆಂಡು ಅವನ ಎರಡು ಕಾಲಿನ ನಡುವೆ ನುಸುಳಿ, ತಗ್ಗಿಗೆ ಇಳಿದು, ಗೆರೆಯ ಆಚೆ ನಾಲ್ಕು ಬೆರಳು ದೂರ ಹೋಗಿ ನಿಂತಿತು.

ಅವನು ತಿರುಗಿ, ಗೆರೆಯ ಮೇಲೆ ಕೂತು, ಒಂದು ಕಣ್ಣು ಮುಚ್ಚಿ ಈ ಕಲ್ಲಿನಿಂದ ಆ ಕಲ್ಲಿಗೆ ನೋಡಿದ. ಆಮೇಲೆ ಎರಡೂ ಕೈ ಮೇಲೆತ್ತಿ, ಇಡೀ ಮೈದಾನಕ್ಕೆ ಕೇಳುವ ಹಾಗೆ ಕೂಗಿದ:

‘ಗೋಲು! ಒಳಗೇ ಓಗೈತೆ! ನಾನೇ ನೋಡಿದ್ದೀನಿ, ಯಾರ್ನೂ ಕೇಳ್ಬ್ಯಾಡ್ರಿ!’